ಹೊಗೆ ಎರಡು ಸಲ, ಬಾಗಿಲು ಒಂದು ಸಲ

ಸೇಂತ್-ಜಾಕ್ ಬೀದಿಯ ಅಚ್ಚುಕೂಟಗಳಲ್ಲಿ ಅಚ್ಚಿನ ಮೊಳೆ ಜೋಡಿಸುವವರೆಲ್ಲ ಓದು ಬಲ್ಲವರೇ. ಓದಿದ್ದರಲ್ಲಿ ಒಂದಕ್ಷರವನ್ನೂ ನಂಬದವನು ಮಾತ್ರ ಒಬ್ಬನೇ ಇದ್ದ. ಅವನು ಆನ್ಸೆಲ್ಮ್ ಕ್ರೂಜೆ. ಸೀಸದ ಮೊಳೆಯಲ್ಲಿ ಅಕ್ಷರ ಬೆನ್ನು ತಿರುಗಿಸಿ ಕೂತಿರುತ್ತದೆ. ಮೂವತ್ತೇಳು ವರ್ಷ ಪ್ಯಾರಿಸ್ಸಿನ ಮಾತನ್ನೆಲ್ಲ ಅವನು ಹಾಗೆ ಬೆನ್ನ ಕಡೆಯಿಂದಲೇ ನೋಡಿದ್ದ. ಪಾದ್ರಿಗಳ ಉಪದೇಶ, ವಕೀಲರ ಮನವಿ, ಹಲ್ಲುನೋವಿನ ಕಷಾಯದ ಜಾಹೀರಾತು, ಬದುಕಿದ್ದಾಗ ಯಾರಿಗೂ ಬೇಡವಾಗಿ ಸತ್ತ ಮೇಲೆ ಪುಣ್ಯಾತ್ಮರಾದ ಶ್ರೀಮಂತರ ಗುಣಗಾನ, ಎಲ್ಲವೂ ಅವನ ಬೆರಳಸಂದಿಯಲ್ಲಿ ಹಾದುಹೋಗಿದ್ದವು. ಅವನಿಗೆ ಅವೆಲ್ಲ ಒಂದೇ ತೂಕದ ಸೀಸ. ಯಾರಾದರೂ ಪುಟ ಹಿಡಿದುಕೊಂಡು ಕಣ್ಣೀರು ಹಾಕಿದರೆ ಆನ್ಸೆಲ್ಮ್ ಮೂಗಿನ ಒಂದೇ ಹೊಳ್ಳೆಯಿಂದ ಉಸಿರು ಬಿಡುತ್ತಿದ್ದ. ಅವನ ನಗು ಅಷ್ಟೇ.

ಹೆಂಡತಿ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ಮಕ್ಕಳಿಲ್ಲ. ಐದನೇ ಮಹಡಿಯಲ್ಲಿ ಒಂದು ಕೋಣೆ, ಅದರಲ್ಲೊಂದು ಮಂಚ, ಗೋಡೆಗೊಂದು ಮೊಳೆ, ಆ ಮೊಳೆಗೊಂದು ಕೋಟು. ಭಾನುವಾರ ಮಾತ್ರ ತಂಗಿ ಜೆರ್ಮೇನಳ ಮನೆಯಲ್ಲಿ ಊಟ. ಅವಳ ಗಂಡ ಪೊಮರೆ ಸೇಂತ್-ಸೆವೆರೇನ್ ಇಗರ್ಜಿಯ ಹಿಂದಿನ ಓಣಿಯಲ್ಲಿ ರೊಟ್ಟಿ ಅಂಗಡಿ ಇಟ್ಟಿದ್ದ. ಮಾತು ಕಡಿಮೆ, ಹಿಟ್ಟಿನ ಧೂಳಿನಿಂದ ಹುಬ್ಬು ಸದಾ ಬಿಳಿ. ಆನ್ಸೆಲ್ಮ್ ಈ ಊರಿನಲ್ಲಿ ಒಬ್ಬರನ್ನಾದರೂ ಗೌರವಿಸುತ್ತಿದ್ದರೆ ಅದು ಈ ಪೊಮರೆಯನ್ನು, ಅದೂ ಅವನು ಏನನ್ನೂ ಓದುವುದಿಲ್ಲ ಎಂಬ ಕಾರಣಕ್ಕೆ.

ಸಾವಿರದ ಏಳುನೂರ ಎಂಬತ್ತೊಂಬತ್ತರಲ್ಲಿ ದೊರೆ ಪಾದ್ರಿಗಳು, ಶ್ರೀಮಂತರು, ಜನಸಾಮಾನ್ಯರು ಎಂಬ ಮೂರು ವರ್ಗದವರನ್ನೂ ಸಭೆಗೆ ಕರೆದ. ಕರೆದದ್ದೇ ತಡ, ಲೇಖನಿ ಹಿಡಿಯಲು ಬರುತ್ತಿದ್ದವರೆಲ್ಲ ದೇಶ ಉದ್ಧಾರಕ್ಕೆ ಟೊಂಕ ಕಟ್ಟಿದರು. ಕೇಸಿಲ್ಲದ ವಕೀಲರು, ರೋಗಿಗಳಿಲ್ಲದ ವೈದ್ಯರು, ನಾಟಕ ಓಡದ ನಾಟಕಕಾರರು ಎಲ್ಲರೂ ರಾತ್ರಿ ಬೆಳಗಾಗುವುದರೊಳಗೆ ಜನರ ದನಿಯಾದರು. ಅಲ್ಲಿಯವರೆಗೆ ಪ್ರಾರ್ಥನೆ ಪುಸ್ತಕ ಅಚ್ಚು ಹಾಕಿಕೊಂಡು ತೂಕಡಿಸುತ್ತಿದ್ದ ಮದಾಮ್ ಬರ್ಥಲೋ ಅವರ ಅಚ್ಚುಕೂಟದಲ್ಲಿ ಈಗ ದಿನಕ್ಕೊಂದು ಕರಪತ್ರ, ಕೆಲವು ದಿನ ಎರಡು. ಎಂಟು ಪುಟ, ಹೊಲಿಗೆ ಇಲ್ಲ, ಮಸಿ ಆರುವ ಮೊದಲೇ ಬೀದಿಗೆ. ಆಶ್ಚರ್ಯಸೂಚಕ ಚಿಹ್ನೆಯ ಮೊಳೆಗಳು ಮೇ ತಿಂಗಳಲ್ಲೇ ಮುಗಿದುಹೋಗಿ ಎರಕದವನ ಬಳಿಗೆ ಮೂರು ಸಲ ಹೇಳಿಕಳಿಸಬೇಕಾಯಿತು. 'ಕ್ರೂರಿ' ಎಂಬ ಪದದ ಮೊದಲಕ್ಷರ ಸವೆದು ಸವೆದು ಮೊಂಡಾಗಿ, ಜೂನ್ ಹೊತ್ತಿಗೆ ಕ್ರೂರಿಗಳೆಲ್ಲ ಮಂಕಾಗಿ ಅಚ್ಚಾಗುತ್ತಿದ್ದರು.

ಈ ದೇಶೋದ್ಧಾರಕರಲ್ಲಿ ಮದಾಮ್ ಬರ್ಥಲೋಗೆ ಎಲ್ಲರಿಗಿಂತ ಹೆಚ್ಚು ಬೇಕಾದವನು ಫ್ಲೋರಿಮೋನ್ ಲವಾಸ್. ಹಿಂದೆ ಮಾರ್ಕಿ ಪದವಿಯ ಯಾವನೋ ಶ್ರೀಮಂತನ ಮನೆಯಲ್ಲಿ ಪಾಠ ಹೇಳಿಕೊಂಡು, ಮಾರ್ಕಿಯ ಹೆಂಡತಿಯ ಹುಟ್ಟುಹಬ್ಬಕ್ಕೆ ಪದ್ಯ ಬರೆದುಕೊಂಡು ಇದ್ದವನು. ಪದ್ಯ ಅತಿಯಾಯಿತೆಂದು ಅಲ್ಲಿಂದ ಹೊರಗೆ ಹಾಕಿಸಿಕೊಂಡ ದಿನ ಅವನಿಗೆ ಸಮಾನತೆಯ ಜ್ಞಾನೋದಯವಾಗಿತ್ತು. ರೇಷ್ಮೆಯ ಕಾಲುಚೀಲ, ಕೂದಲಿಗೆ ಪುಡಿ. ಬೆಳಿಗ್ಗೆ ಕಾಫಿಮನೆಯಲ್ಲಿ ಬಿಸಿ ಚಾಕೊಲೇಟು ಕುಡಿಯದೆ ಕೈ ಓಡುತ್ತಿರಲಿಲ್ಲ. ಕರಪತ್ರದಲ್ಲಿ ಮಾತ್ರ ಅವನ ಹೆಸರು 'ನೀರು ಹೊರುವ ಮಾತುರನ್ ಮುದುಕ'. ನಲವತ್ತು ವರ್ಷ ಬಕೆಟ್ಟು ಹೊತ್ತು ಬೆನ್ನು ಬಾಗಿದ, ಶಾಲೆ ಮೆಟ್ಟಿಲು ಹತ್ತದ ಬಡವ. ಪ್ರತಿ ಕರಪತ್ರವೂ ಶುರುವಾಗುವುದು ಒಂದೇ ಮಾತಿನಿಂದ: 'ನಾನು ಓದುಬರಹ ಬಾರದವನು.' ಆಮೇಲೆ ಎಂಟು ಪುಟ.

ಆನ್ಸೆಲ್ಮನಿಗೆ ಮಾತುರನ್ ಮುದುಕನ ಕಸುಬಿನ ಒಳಗುಟ್ಟೆಲ್ಲ ಮೂರನೇ ಕರಪತ್ರದ ಹೊತ್ತಿಗೇ ಬಾಯಿಪಾಠವಾಗಿತ್ತು. ಹೇಳಬಾರದು, ಕೇಳಬೇಕು. ಆರೋಪ ಹೊರಿಸಿದರೆ ಸಾಕ್ಷಿ ಕೊಡಬೇಕಾಗುತ್ತದೆ, ಪ್ರಶ್ನೆ ಕೇಳಿದರೆ ಏನೂ ಕೊಡಬೇಕಾಗಿಲ್ಲ. 'ನಿಮಗೆ ಗೊತ್ತೇ ಇದೆ' ಎಂದುಬಿಟ್ಟರೆ ಗೊತ್ತಿಲ್ಲದವನೂ ತಲೆಯಾಡಿಸುತ್ತಾನೆ. ಇದಲ್ಲದೆ ಒಬ್ಬ ತಾಯಿ. ಎದೆಹಾಲು ಬತ್ತಿದ ತಾಯಿ, ಮಡಿಲಲ್ಲಿ ಅಳಲೂ ಶಕ್ತಿಯಿಲ್ಲದ ಕೂಸು. ಅವಳು ಒಂದು ವಾರ ಸೇಂತ್-ಮಾರ್ಸೆಲ್ ಕೇರಿಯಲ್ಲಿರುತ್ತಿದ್ದಳು, ಇನ್ನೊಂದು ವಾರ ಸೇಂತ್-ಆಂತ್ವಾನ್ ಕೇರಿಯಲ್ಲಿ. ಹನ್ನೆರಡು ಸಾಲು, ಒಂದಕ್ಷರ ಬದಲಾಗುತ್ತಿರಲಿಲ್ಲ. ಆದ್ದರಿಂದ ಆನ್ಸೆಲ್ಮ್ ಅವಳನ್ನು ಬಿಚ್ಚುತ್ತಲೇ ಇರಲಿಲ್ಲ. ಆ ಹನ್ನೆರಡು ಸಾಲಿನ ಮೊಳೆಗಳನ್ನು ದಾರದಿಂದ ಬಿಗಿದು ಕಟ್ಟಿ ಹಲಗೆಯ ಮೇಲೆ ಇಟ್ಟಿದ್ದ. ಬೇಕಾದಾಗ ಎತ್ತಿಕೊಂಡು ಕೇರಿಯ ಹೆಸರೊಂದನ್ನು ಬದಲಿಸಿದರೆ ಮುಗಿಯಿತು.

ನಿಜವಾಗಿ ನೀರು ಹೊರುವವನೊಬ್ಬ ಅಚ್ಚುಕೂಟಕ್ಕೆ ದಿನಕ್ಕೆರಡು ಸಲ ಬರುತ್ತಿದ್ದ. ಒವೆರ್ನ್ ಕಡೆಯವನು, ಗೆರೋ ಎಂದು ಹೆಸರು. ಒಂದು ದಿನ ಮದಾಮ್ ಹೊಸ ಕರಪತ್ರವನ್ನು ಗಟ್ಟಿಯಾಗಿ ಓದುತ್ತಿದ್ದಾಗ ಅವನು ಬಕೆಟ್ಟುಗಳನ್ನು ಕೆಳಗಿಟ್ಟು ನಿಂತುಬಿಟ್ಟ. ಓದು ಮುಗಿಯುವಷ್ಟರಲ್ಲಿ ಅವನ ಗಡ್ಡವೆಲ್ಲ ಒದ್ದೆ.

"ಈ ಮುದುಕ ನಂಗೊತ್ತು ಅಮ್ಮಾವ್ರೇ. ಮೋಬೇರ್ ಚೌಕದ ನಲ್ಲಿ ಹತ್ರ ನೀರು ತುಂಬ್ತಾನೆ. ಎಡಗಾಲು ಒಂಚೂರು ಕುಂಟು. ಪಾಪ, ಬಾಳ ಒಳ್ಳೇವ್ನು," ಎಂದ.

ಲವಾಸ್ ಮೂರು ಮಾರು ದೂರದಲ್ಲಿ ಕರಡು ನೋಡುತ್ತ ಕೂತಿದ್ದವನು ತನ್ನ ರೇಷ್ಮೆಯ ಎಡಗಾಲನ್ನು ಮೆಲ್ಲಗೆ ಕುರ್ಚಿಯ ಕೆಳಗೆ ಎಳೆದುಕೊಂಡ. ಆನ್ಸೆಲ್ಮನಿಗೆ ಕೆಮ್ಮು ಬರುವವರೆಗೂ ನಗು ಬಂತು. ಬರೆಯುವವನು ಕಳ್ಳ, ಓದಿಸಿಕೊಳ್ಳುವವನು ಪೆದ್ದ, ನಡುವೆ ನಿಂತು ಮೊಳೆ ಹೆಕ್ಕುವ ತಾನೊಬ್ಬನೇ ಜಾಣ ಎಂದು ಅವನಿಗೆ ಅವತ್ತು ಬಹಳ ಸಮಾಧಾನವಾಯಿತು.

ಜುಲೈನಲ್ಲಿ ದೊರೆಯ ಸೆರೆಮನೆಯಾಗಿದ್ದ ಕೋಟೆ ಜನರ ಕೈಗೆ ಬಿತ್ತು, ಊರಿನ ಗಡಿಯ ಸುಂಕದಕಟ್ಟೆಗಳು ಸುಟ್ಟುಹೋದವು, ಆದರೆ ರೊಟ್ಟಿ ಮಾತ್ರ ಮೊದಲಿಗಿಂತ ದುರ್ಲಭವಾಯಿತು. ಸೆಪ್ಟೆಂಬರಿನಲ್ಲಿ ಹೆಂಗಸರು ಕತ್ತಲಿರುವಾಗಲೇ ರೊಟ್ಟಿ ಅಂಗಡಿಗಳ ಮುಂದೆ ಸಾಲುಗಟ್ಟುತ್ತಿದ್ದರು. ಪೊಮರೆಯ ಒಲೆ ಚಿಕ್ಕದು. ಬೆಳಗಿನ ಜಾವ ಒಂದು ಸಲ ಸುಟ್ಟು, ಬಾಗಿಲು ತೆರೆದು ಮಾರಿ, ಮಧ್ಯಾಹ್ನ ಇನ್ನೊಂದು ಸಲ ಸುಡುತ್ತಿದ್ದ. ಆ ಎರಡನೇ ಸಲದ್ದು ಸನ್ಯಾಸಿನಿಯರು ನಡೆಸುವ ಅನಾಥಾಲಯಕ್ಕೆ ಹೋಗುತ್ತಿತ್ತು. ಹಿಟ್ಟು ಅವರದೇ, ಕೂಲಿ ಇವನದು. ಓಣಿಯ ಹಳಬರಿಗೆಲ್ಲ ಅದು ಗೊತ್ತಿತ್ತು. ಗೊತ್ತಿಲ್ಲದಿದ್ದವನು ಎದುರು ಮನೆಯ ಮೂರನೇ ಮಹಡಿಗೆ ಆ ಬೇಸಿಗೆಯಲ್ಲಿ ಬಾಡಿಗೆಗೆ ಬಂದ ಲವಾಸ್. ಒಲೆಯ ಹೊಗೆ ಅವನ ಕಿಟಕಿಗೆ ನುಗ್ಗುತ್ತಿತ್ತು. ಮೇಲಾಗಿ ಒಂದು ಬೆಳಿಗ್ಗೆ ಸಾಲು ತಪ್ಪಿಸಿ ರೊಟ್ಟಿ ಕೇಳಲು ಬಂದಾಗ ಪೊಮರೆ ತಲೆಯೆತ್ತದೆ, "ಸಾಲಲ್ಲಿ ಬನ್ನಿ ಸ್ವಾಮಿ," ಎಂದಿದ್ದ. ಸಾಲಿನಲ್ಲಿದ್ದ ಹೆಂಗಸರು ನಕ್ಕಿದ್ದರು.

ತಿಂಗಳ ಕೊನೆಯಲ್ಲಿ ಲವಾಸ್ ತಂದ ಹಸ್ತಪ್ರತಿಯ ಹೆಸರು 'ಮಾತುರನ್ ಮುದುಕನ ಏಳು ಪ್ರಶ್ನೆಗಳು'. ಮೊದಲ ಮೂರು ಪ್ರಶ್ನೆ ಮಂತ್ರಿಗಳಿಗೆ, ಕೊನೆಯ ಮೂರು ಆಸ್ಥಾನಕ್ಕೆ. ನಾಲ್ಕನೆಯದು ಒಂದು ರೊಟ್ಟಿ ಅಂಗಡಿಯದು. 'ನಾನು ಹೆಸರು ಹೇಳಲಾರದ ಒಂದು ಇಗರ್ಜಿಯ ಬೆನ್ನಿಗೆ ಇರುವ ಓಣಿಯಲ್ಲಿ, ಒಂದೇ ಸಲ ಬಾಗಿಲು ತೆರೆಯುವ ಅಂಗಡಿಯೊಂದರ ಹೊಗೆಗೂಡು ಎರಡು ಸಲ ಹೊಗೆ ಬಿಡುವುದೇತಕ್ಕೆ?'

ಆನ್ಸೆಲ್ಮ್ ಅದನ್ನು ಎರಡು ಸಲ ಓದಿದ. ಹಸ್ತಪ್ರತಿ ಹಿಡಿದುಕೊಂಡು ಲವಾಸನ ಮುಂದೆ ಹೋಗಿ ನಿಂತ.

"ಇದು ನನ್ನ ತಂಗಿ ಗಂಡನ ಅಂಗಡಿ."

"ನಾನು ಯಾರ ಹೆಸರಾದ್ರೂ ಬರ್ದಿದೀನಾ?"

"ಸೇಂತ್-ಸೆವೆರೇನ್ ಹಿಂದೆ ಇರೋದು ಒಂದೇ ರೊಟ್ಟಿ ಅಂಗಡಿ. ಎರಡನೇ ಸಲ ಸುಡೋದು ಅನಾಥಾಲಯದ ಮಕ್ಕಳಿಗೆ."

"ಹಾಗಿದ್ರೆ ಇನ್ನೂ ಒಳ್ಳೇದಾಯ್ತು, ಉತ್ತರ ಸಿದ್ಧವಾಗೇ ಇದೆ," ಎಂದು ಲವಾಸ್ ಉಗುರು ನೋಡಿಕೊಂಡ. "ನಾನು ಕೇಳಿದೀನಿ ಅಷ್ಟೇ. ಕೇಳೋದೂ ತಪ್ಪಾದ್ರೆ ಕೋಟೆ ಕೆಡವಿದ್ದು ಯಾಕೆ?"

ಮದಾಮ್ ಬರ್ಥಲೋ ಅತ್ತ ತಿರುಗಿ ಕಾಗದ ಎಣಿಸುವ ನೆಪ ಮಾಡಿದಳು. ಆನ್ಸೆಲ್ಮ್ ಅಲ್ಲಿಗೆ ಆ ಹಸ್ತಪ್ರತಿಯನ್ನು ಮುಖದ ಮೇಲೆ ಎಸೆದು ಹೋಗಬಹುದಿತ್ತು. ಎಸೆಯಲಿಲ್ಲ. ಹೆದರಿ ಅಲ್ಲ, ಕೆಲಸ ಹೋಗುತ್ತದೆಂದೂ ಅಲ್ಲ. ಈ ಕಸವನ್ನು ಯಾರು ನಂಬುತ್ತಾರೆ ಎನ್ನುವ ಉಡಾಫೆ. ತಾನು ಮೂವತ್ತೇಳು ವರ್ಷದಲ್ಲಿ ಒಂದನ್ನೂ ನಂಬಿರಲಿಲ್ಲ, ಆದ್ದರಿಂದ ಅಚ್ಚಾದದ್ದಕ್ಕೆ ಬಲವಿದೆ ಎಂಬುದೇ ಅವನಿಗೆ ಹೊಳೆಯಲಿಲ್ಲ.

ಪೆಟ್ಟಿಗೆಯ ಮುಂದೆ ನಿಂತು ಮೊಳೆ ಹೆಕ್ಕತೊಡಗಿದ. ನಾಲ್ಕನೇ ಪ್ರಶ್ನೆಗೆ ಬಂದಾಗ ಕೈ ನಿಂತಿತು. ಮನಸ್ಸು ಚುಚ್ಚಿ ನಿಂತದ್ದಲ್ಲ. ಆ ವಾಕ್ಯ ಹದವಾಗಿರಲಿಲ್ಲ, ಅದಕ್ಕೆ. ಇಗರ್ಜಿಯ ಬೆನ್ನು, ಓಣಿ, ಅಂಗಡಿ, ಹೊಗೆಗೂಡು, ಒಂದರ ಹಿಂದೊಂದು ತೆವಳಿಕೊಂಡು ಬಂದು ಕೊನೆಗೆ ಎಲ್ಲಿ ಒತ್ತಬೇಕೋ ಅಲ್ಲಿ ಉಸಿರೇ ಇರುತ್ತಿರಲಿಲ್ಲ. ಮಾರ್ಕಿಯ ಮನೆಯ ಮೇಷ್ಟರಿಗೆ ಇಷ್ಟೂ ಬರುವುದಿಲ್ಲವಲ್ಲ ಎಂದು ಅವನಿಗೆ ಹೇಸಿಗೆಯಾಯಿತು. ಕೆಟ್ಟ ಕೆಲಸವಾದರೂ ಕೆಟ್ಟದಾಗಿ ಆಗಬಾರದು ಎಂಬ ಕಸುಬಿನ ಜಂಬ. ಕೈ ತಾನೇ ತಾನಾಗಿ ವಾಕ್ಯ ಮುರಿದು ಕಟ್ಟಿತು: 'ಆ ಓಣಿಯಲ್ಲಿ ಹೊಗೆ ಎರಡು ಸಲ, ಬಾಗಿಲು ಒಂದು ಸಲ. ಯಾಕೆ?'

ಕರಡು ನೋಡಿದ ಲವಾಸ್ ಆ ಸಾಲನ್ನು ಬೆರಳಿನಿಂದ ಒಮ್ಮೆ ತಟ್ಟಿ ಸಹಿ ಹಾಕಿದ. ಆನ್ಸೆಲ್ಮನಿಗೆ ಒಳಗೊಳಗೇ ಹಿಗ್ಗಾಯಿತು. ಆ ಹಿಗ್ಗನ್ನು ಅವನು ಮುಂದೆ ಸಾಯುವವರೆಗೂ ಕ್ಷಮಿಸಲಿಲ್ಲ.

ಭಾನುವಾರ ಊಟಕ್ಕೆ ಹೋದಾಗ ತಂಗಿಗೆ ಸುಮ್ಮನೆ ತಮಾಷೆಯ ಸುದ್ದಿಯೆಂಬಂತೆ ಹೇಳಿದ. ಜೆರ್ಮೇನ್ ಸೌಟು ಹಿಡಿದುಕೊಂಡೇ ನಿಂತಳು. ಸಾಲಿನ ಹೆಂಗಸರು ಎರಡು ದಿನದಿಂದ ತನ್ನ ಮುಖ ನೋಡುತ್ತಿಲ್ಲವೆಂದೂ, ಒಬ್ಬಳು ಹೊಗೆಗೂಡಿನ ಕಡೆ ನೋಡಿ ಉಗುಳಿದಳೆಂದೂ ಹೇಳಿದಳು. ಆನ್ಸೆಲ್ಮ್ ಮೂಗಿನಿಂದ ಉಸಿರು ಬಿಟ್ಟು, ಅಂಥ ಹಾಳೆಗಳು ಬುಧವಾರದ ಹೊತ್ತಿಗೆ ಮೀನು ಕಟ್ಟಲು ಹೋಗುತ್ತವೆ, ನೀನು ಬಡಿಸು ಎಂದ.

ಬುಧವಾರದವರೆಗೆ ಕಾಯಬೇಕಾಗಲಿಲ್ಲ. ಮಂಗಳವಾರ ಮಧ್ಯಾಹ್ನ ಎರಡರ ಗಂಟೆ ಹೊಡೆದ ಮೇಲೆ ನೀರಿನ ಗೆರೋ ಬಕೆಟ್ಟಿಲ್ಲದೆ ಏದುಸಿರು ಬಿಡುತ್ತ ಬಂದ. ಸೇಂತ್-ಸೆವೆರೇನ್ ಓಣಿಯಲ್ಲಿ ಜನ ಬಾಗಿಲು ಮುರಿಯುತ್ತಿದ್ದಾರೆ ಎಂದ. ಆನ್ಸೆಲ್ಮ್ ಮಸಿಯ ಏಪ್ರನ್ನಿನಲ್ಲೇ ಓಡಿದ.

ಓಣಿಯ ಬಾಯಿಗೆ ಬರುವ ಮೊದಲೇ ಅವನಿಗೆ ಕೂಗು ಕೇಳಿಸಿತು. ಇನ್ನೂರು ಮುನ್ನೂರು ಗಂಟಲು ಒಟ್ಟಿಗೆ, ಕಾಲು ಕುಟ್ಟಿಕೊಂಡು, ಲಯ ತಪ್ಪದೆ ಹೇಳುತ್ತಿದ್ದವು: ಹೊಗೆ ಎರಡು ಸಲ, ಬಾಗಿಲು ಒಂದು ಸಲ. ಹೊಗೆ ಎರಡು ಸಲ, ಬಾಗಿಲು ಒಂದು ಸಲ. ಲವಾಸನ ತೆವಳುವ ವಾಕ್ಯವನ್ನು ಹೀಗೆ ಕೂಗಲು ಯಾರಿಂದಲೂ ಆಗುತ್ತಿರಲಿಲ್ಲ. ಆನ್ಸೆಲ್ಮನಿಗೆ ಅದು ತಕ್ಷಣ ಗೊತ್ತಾಯಿತು, ಕಸುಬುದಾರನಲ್ಲವೇ.

ಅಂಗಡಿಯ ಕದ ಬೀದಿಯಲ್ಲಿ ಬಿದ್ದಿತ್ತು. ಹಿಟ್ಟು ನಾದುವ ಮರದ ತೊಟ್ಟಿ ಹೊರಗೆ ಮಗುಚಿಕೊಂಡಿತ್ತು. ಒಳಗೆ ಸಿಕ್ಕಿದ್ದು ಎರಡು ಮೂಟೆ ಹಿಟ್ಟು, ಸನ್ಯಾಸಿನಿಯರ ಶಿಲುಬೆ ಗುರುತು ಒತ್ತಿದ ಹನ್ನೆರಡು ರೊಟ್ಟಿ. ಅವನ್ನು ಒಂದು ಬಟ್ಟೆಯ ಮೇಲೆ ಕಳ್ಳಮಾಲಿನಂತೆ ಜೋಡಿಸಿ ಇಬ್ಬರು ಕಾವಲಿಗೆ ನಿಂತಿದ್ದರು. ದೀಪದ ಕಂಬದ ಕೆಳಗೆ ಪೊಮರೆ ಮಂಡಿಯೂರಿ ಕೂತಿದ್ದ, ಕುತ್ತಿಗೆಯಲ್ಲಿ ಮೂಟೆ ಕಟ್ಟುವ ಹಗ್ಗ. ಒಂದು ಕಣ್ಣು ಮುಚ್ಚಿಹೋಗಿತ್ತು. ಜೆರ್ಮೇನಳನ್ನು ನಾಲ್ವರು ಹೆಂಗಸರು ತೋಳು ತಿರುಚಿ ಹಿಡಿದಿದ್ದರು.

ಆನ್ಸೆಲ್ಮ್ ಮೊದಲು ನಿಜ ಹೇಳಿದ. ಆ ರೊಟ್ಟಿ ಅನಾಥಾಲಯದ್ದು, ಗುರುತು ನೋಡಿ, ಅನಾಥಾಲಯ ಎರಡು ಬೀದಿಯಾಚೆಗೇ ಇದೆ, ಯಾರಾದರೂ ಹೋಗಿ ಕೇಳಿಬನ್ನಿ ಎಂದು ಹೇಳಿದ. ಒಬ್ಬರಿಂದ ಇನ್ನೊಬ್ಬರ ಬಳಿಗೆ ಹೋಗಿ ಹೇಳಿದ. ಯಾರೂ ಕಿವಿಗೊಡಲಿಲ್ಲ. ಚರ್ಮದ ಏಪ್ರನ್ನು ತೊಟ್ಟ ದಾಂಡಿಗನೊಬ್ಬ, ಇವನ್ಯಾರು ಎಂದು ಕೇಳಿದ. ಯಾರೋ, ಕಳ್ಳನ ಭಾವಮೈದುನ ಎಂದರು. ಅದರೊಂದಿಗೆ ನಿಜಕ್ಕಿದ್ದ ಅಷ್ಟಿಷ್ಟು ಮಾನವೂ ಹೋಯಿತು. ಹಗ್ಗದ ತುದಿಯನ್ನು ದೀಪದ ಕಂಬದ ಕಬ್ಬಿಣದ ಕೈಗೆ ಎಸೆದರು. ಮೊದಲ ಸಲ ತಪ್ಪಿತು, ಎರಡನೇ ಸಲ ಸಿಕ್ಕಿಕೊಂಡಿತು.

ಆನ್ಸೆಲ್ಮ್ ಮಗುಚಿದ್ದ ತೊಟ್ಟಿಯ ಮೇಲೆ ಹತ್ತಿ ನಿಂತ. ಅವನು ಯೋಚಿಸಿ ಹತ್ತಿದ್ದಲ್ಲ. ಬಾಯಿಂದ ಬಂದದ್ದೂ ಅವನ ದನಿಯಲ್ಲ. ಅದು ಒರಟಾದ, ನಿಧಾನವಾದ, ಬೆನ್ನು ಬಾಗಿದ ಮುದುಕನ ದನಿ.

"ನಾನು ಮೊಳೆ ಜೋಡ್ಸೋನು, ಮಾತು ಬಲ್ಲೋನಲ್ಲ. ಒಂದೇ ಒಂದು ಕೇಳ್ತೀನಿ, ಆಮೇಲೆ ನೀವು ಏನ್ ಬೇಕಾದ್ರೂ ಮಾಡ್ಕೊಳ್ಳಿ. ನಿಮ್ಮನ್ನ ಇವತ್ತೇ, ಇದೇ ಹೊತ್ತಿಗೆ, ಇದೇ ಓಣಿಗೆ ಕರ್ಸಿದ್ದು ಯಾರು?"

ಹತ್ತಿರದವರು ತಿರುಗಿದರು. ಯಾರೂ ಕರೆಸಿರಲಿಲ್ಲ, ಆದರೆ ಈಗ ಪ್ರತಿಯೊಬ್ಬನೂ ಯಾರಿರಬಹುದೆಂದು ಪಕ್ಕದವನ ಮುಖ ನೋಡಿದ.

"ಹನ್ನೆರಡು ರೊಟ್ಟಿ ಕಾಯ್ತಾ ಇದೀರಿ. ಕಾಯ್ರಿ. ಅಷ್ಟರಲ್ಲಿ ಆನ್‌ಫೇರ್ ಸುಂಕದಕಟ್ಟೆ ಯಾರು ಕಾಯ್ತಾ ಇದಾರೆ? ಊರಿಂದ ಆಚೆಗೆ ಏನು ಹೋಗ್ತಾ ಇದೆ? ಮೇಲ್ಗಡೆ ಬೂಸ. ಬೂಸದ ಕೆಳಗೆ ಏನಿದೆ? ನಾನು ಹೇಳಲ್ಲ. ಹೇಳಕ್ಕೆ ನಾನ್ಯಾವೋನು. ಕಣ್ಣಿದ್ದೋರು ನೋಡಿದಾರೆ." ಮುಂದೆ ನಿಂತಿದ್ದ ಉಪ್ಪುಮೀನು ಮಾರುವವಳ ಕಡೆಗೆ ಅವನ ಬೆರಳು ಹೋಯಿತು. "ತಾಯಿ, ನೀವು ನೋಡಿದ್ರಲ್ಲ?"

ಅವಳು ಒಂದು ಕ್ಷಣ ಕಣ್ಣು ಮಿಟುಕಿಸಿದಳು. ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಹುಟ್ಟಿದಾಗಿನಿಂದ ಅಷ್ಟು ಜನ ಅವಳನ್ನು ಒಟ್ಟಿಗೆ ನೋಡಿರಲಿಲ್ಲ.

"ನೋಡ್ದೆ," ಎಂದಳು. "ಎರಡು ಬಂಡಿ."

ಬಂಡಿ ಎಂದು ಆನ್ಸೆಲ್ಮ್ ಹೇಳಿರಲೇ ಇಲ್ಲ. ಹಿಂದಿನಿಂದ ಇನ್ನೊಬ್ಬ ತಾನು ನಿನ್ನೆಯೂ ನೋಡಿದ್ದೆ ಎಂದ. ಕುದುರೆಗಳ ಗೊರಸಿಗೆ ಬಟ್ಟೆ ಸುತ್ತಿದ್ದರು ಎಂದು ಮೂರನೆಯವನು ಸೇರಿಸಿದ. ಅಷ್ಟೇ. ಇಡೀ ಓಣಿ ಒಂದೇ ಮೈಯಾಗಿ ತೆಂಕಣ ದಿಕ್ಕಿನ ಆ ಕಟ್ಟೆಯ ಕಡೆಗೆ ತಿರುಗಿ ಹೊರಳಿತು. ತೊಟ್ಟಿಯ ಮೇಲೆ ನಿಂತು ಅದನ್ನು ನೋಡುತ್ತಿದ್ದ ಆನ್ಸೆಲ್ಮನಿಗೆ ಮೈಯೆಲ್ಲ ಬೆಚ್ಚಗಾಯಿತು. ಹಿತವಾಗಿತ್ತು. ತಂಗಿಯ ಗಂಡನ ಕುತ್ತಿಗೆಯಲ್ಲಿ ಹಗ್ಗವಿರುವಾಗಲೇ ಹಿತವಾಗಿತ್ತು. ಲವಾಸನಂಥವರು ಯಾತಕ್ಕೆ ಬರೆಯುತ್ತಾರೆಂದು ಆ ಗಳಿಗೆಯಲ್ಲಿ ಅವನಿಗೆ ಅರ್ಥವಾಯಿತು. ಅವನು ತೊಟ್ಟಿಯಿಂದ ಇಳಿದ.

ಚರ್ಮದ ಏಪ್ರನ್ನಿನವನು ಹಗ್ಗ ಬಿಟ್ಟು ಎಲ್ಲರಿಗಿಂತ ಮುಂದೆ ಓಡಿದ್ದ. ಪೊಮರೆಯ ಎರಡು ಪಕ್ಕೆಲುಬು ಮುರಿದಿದ್ದವು. ಜೆರ್ಮೇನ್ ಹಗ್ಗ ಬಿಚ್ಚಿ, ಅವನನ್ನು ಒಳಗೆ ಮಲಗಿಸಿ, ಬೀದಿಯಲ್ಲಿ ಚೆಲ್ಲಿದ್ದ ಹಿಟ್ಟನ್ನು ಬಾಚತೊಡಗಿದಳು.

ಮಾರನೆಯ ದಿನ ಬೆಳಿಗ್ಗೆ ಲವಾಸ್ ಅಚ್ಚುಕೂಟಕ್ಕೆ ಬಂದಾಗ ಅವನ ಮುಖ ಹಬ್ಬದ ದಿನದ್ದಾಗಿತ್ತು. ಕೈಯಲ್ಲಿ ಹೊಸ ಹಸ್ತಪ್ರತಿ, 'ಆನ್‌ಫೇರ್ ಕಟ್ಟೆಯ ಬೂಸದ ಬಂಡಿ'. ಸೇಂತ್-ಸೆವೆರೇನ್ ಓಣಿಯಲ್ಲಿ ಹೆಸರು ತಿಳಿಯದ ದೇಶಭಕ್ತನೊಬ್ಬ ಎದ್ದು ನಿಂತು ಜನರ ಕಣ್ಣು ತೆರೆಸಿದ ಕಥೆ ಅದರಲ್ಲಿತ್ತು. ಆ ದೇಶಭಕ್ತ ಯಾರೆಂದು ಲವಾಸನಿಗೆ ಗೊತ್ತಿತ್ತು. ಎದುರು ಮನೆಯ ಕಿಟಕಿಯಿಂದ, ಪರದೆ ಸರಿಸಿ, ಮೊದಲಿನಿಂದ ಕೊನೆಯವರೆಗೆ ನೋಡಿದ್ದ.

"ಆ ಮೀನಿನವಳನ್ನ ಹಿಡಿದ್ರಲ್ಲ, ನನಗೂ ಹೊಳೀತಿರಲಿಲ್ಲ," ಎಂದ. "ನಿಮ್ಮ ಕೈಯಲ್ಲಿ ವಿದ್ಯೆ ಇದೆ ಕ್ರೂಜೆ. ನಾವಿಬ್ರೂ ಸೇರಿದ್ರೆ ಈ ಊರನ್ನ ಬೇಕಾದ ಕಡೆ ತಿರುಗಿಸ್ಬೋದು."

"ಅವನನ್ನ ಗಲ್ಲಿಗೆ ಹಾಕ್ತಿದ್ರು. ನೀವು ನೋಡ್ತಾ ನಿಂತಿದ್ರಾ?"

"ನಾನು ಇಳಿದು ಬಂದು ಏನು ಮಾಡ್ಬೇಕಿತ್ತು? ನನ್ನ ಮಾತು ಯಾರು ಕೇಳ್ತಾರೆ?" ಎಂದ ಲವಾಸ್, ನಿಜವಾಗಿಯೂ ಆಶ್ಚರ್ಯಪಟ್ಟು. "ಜನ ಕೇಳೋದು ಮಾತುರನ್ ಮಾತನ್ನ."

ಆನ್ಸೆಲ್ಮ್ ಹಸ್ತಪ್ರತಿಯನ್ನು ಮಸಿಯ ಬೆರಳಿನಿಂದ ಹಿಂದಕ್ಕೆ ತಳ್ಳಿದ. ತಾನಿನ್ನು ಇವನದೊಂದು ಸಾಲನ್ನೂ ಮುಟ್ಟುವುದಿಲ್ಲವೆಂದು ಮದಾಮ್ ಬರ್ಥಲೋಗೆ ಹೇಳಿದ. ಪಂಚಾಂಗ, ಶೋಕಪತ್ರ, ಹರಾಜಿನ ನೋಟೀಸು ಇದ್ದರೆ ಕೊಡಿ, ಇಲ್ಲದಿದ್ದರೆ ಹೋಗುತ್ತೇನೆ ಎಂದ. ಮದಾಮ್ ಅವನನ್ನು ಮೇಲಿಂದ ಕೆಳಗೆ ನೋಡಿ, ಈ ಬೀದಿಯಲ್ಲಿ ಇನ್ನೂ ನಲವತ್ತು ಅಚ್ಚುಕೂಟ ಇವೆ, ನಿಮ್ಮ ಮಡಿಯಿಂದ ಯಾವುದೂ ನಿಲ್ಲುವುದಿಲ್ಲ ಎಂದಳು. ಅವಳ ಮಾತು ಸರಿಯೇ ಆಗಿತ್ತು. ಬೂಸದ ಬಂಡಿಯ ಕರಪತ್ರ ಸಂಜೆಗೆಲ್ಲ ಪಕ್ಕದ ಅಚ್ಚುಕೂಟದಿಂದ ಹೊರಬಿತ್ತು.

ತಂಗಿಗೆ ಅವನು ಎಲ್ಲವನ್ನೂ ಹೇಳಿದ. ಪ್ರಶ್ನೆ ಲವಾಸನದು, ಸಾಲು ತನ್ನದು, ಅದು ಬೀದಿಯಲ್ಲಿ ಕುಣಿಯುವಂತೆ ಮಾಡಿದವನು ತಾನು ಎಂದ. ಒಳಕೋಣೆಯಲ್ಲಿ ಮಲಗಿದ್ದ ಪೊಮರೆಗೂ ಕೇಳಿಸುತ್ತಿತ್ತು. ಅವನು ಗೋಡೆಯ ಕಡೆ ಹೊರಳಿದ. ಜೆರ್ಮೇನ್ ಅಣ್ಣನ ಕೈಗಳನ್ನು ನೋಡಿದಳು.

"ಚಿಕ್ಕಂದಿನಿಂದ ನಿಂಗೆ ಯಾರನ್ನ ಕಂಡ್ರೂ ತಾತ್ಸಾರ ಅಣ್ಣ," ಎಂದಳು. "ಬರೆಯೋರನ್ನ ಕಂಡ್ರೆ ತಾತ್ಸಾರ ಇರ್ಲಿ. ಓದೋರನ್ನೂ ಮನುಷ್ಯರು ಅಂದ್ಕೊಳ್ಲಿಲ್ವಲ್ಲ ನೀನು." ಆಮೇಲೆ ಕೇಳಿದಳು, "ಕಟ್ಟೆ ಹತ್ರ ಏನಾಯ್ತಂತೆ?"

ಗೊತ್ತಿಲ್ಲ ಎಂದ.

"ಹೋಗಿ ನೋಡ್ಕೊಂಡು ಬಾ. ನನ್ ಗಂಡ ಬದುಕಿದ್ದಕ್ಕೆ ಬೆಲೆ ಕೊಟ್ಟೋರು ಯಾರು ಅಂತ ನಂಗೂ ಗೊತ್ತಾಗ್ಬೇಕು."

ಆಗಿದ್ದು ಇಷ್ಟು. ಜನ ಕಟ್ಟೆ ತಲುಪಿದಾಗ ಅಲ್ಲಿ ಒಂದು ಬಂಡಿ ನಿಂತಿತ್ತು. ಬ್ಲೇಸ್ ಎಂಬ ಬಂಡಿಯವನು ಮೊಂರೂಜ್ ಹಳ್ಳಿಯ ಕುದುರೆಲಾಯಕ್ಕೆ ಬೂಸ ಒಯ್ಯುತ್ತಿದ್ದ. ಬೂಸದ ಕೆಳಗೆ ಬೂಸವೇ ಇತ್ತು, ತಳದವರೆಗೂ. ಹಿಟ್ಟು ಸಿಗದ ಸಿಟ್ಟಿಗೆ ಬಂಡಿಯನ್ನು ಉರುಳಿಸಿದರು. ಬ್ಲೇಸನ ಬಲಗೈ ಚಕ್ರದಡಿಯಲ್ಲಿತ್ತು. ವೈದ್ಯರು ಮೊಣಕೈಯ ಮೇಲಕ್ಕೆ ಕತ್ತರಿಸಿ ತೆಗೆದರು.

ಆನ್ಸೆಲ್ಮ್ ಅವನನ್ನು ಹುಡುಕಿಕೊಂಡು ಮೊಂರೂಜಿಗೆ ಹೋದಾಗ ಮೂರು ವಾರವಾಗಿತ್ತು. ಬ್ಲೇಸ್ ಅಕ್ಕನ ಮನೆಯ ಅಂಗಳದಲ್ಲಿ ಎಳೆಬಿಸಿಲಿಗೆ ಕೂತಿದ್ದ. ಮೂವತ್ತರ ಆಸುಪಾಸು, ಅಗಲ ಮುಖ. ಪಕ್ಕದ ಬೆಂಚಿನ ಮೇಲೆ ಮಡಚಿ ಮಡಚಿ ಸವೆದ, ಬೂಸದ ಬಂಡಿಯ ಎಂಟು ಪುಟದ ಕರಪತ್ರವಿತ್ತು. ಅವನಿಗೆ ಓದು ಬರುತ್ತಿರಲಿಲ್ಲ. ಊರಿನ ಪಾದ್ರಿಯಿಂದ ನಾಲ್ಕು ಸಲ ಓದಿಸಿಕೊಂಡಿದ್ದ.

"ಅಂಥ ಬಂಡಿ ಇತ್ತು ಸ್ವಾಮಿ," ಎಂದು ಅವನೇ ಶುರುಮಾಡಿದ. "ಹಿಟ್ಟು ಕದ್ದು ಸಾಗಿಸ್ತಿದ್ದ ಬಂಡಿ. ನಂದು ಅಂದ್ಕೊಂಡು ಮೋಸ ಹೋದ್ರು. ಪಾಪ, ಜನರದ್ದೇನು ತಪ್ಪು? ಆ ಕಳ್ಳ ನನ್ ಮಗ ಎದುರಿಗೆ ಸಿಕ್ಕಿದ್ರೆ ಇನ್ನೊಂದು ಕೈ ಸಾಕು ನಂಗೆ."

ಆನ್ಸೆಲ್ಮ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಅಂಥ ಬಂಡಿ ಇರಲಿಲ್ಲ ಎಂದ. ಆ ಮಾತನ್ನು ಹುಟ್ಟಿಸಿದವನು ನಾನೇ, ನನ್ನ ತಂಗಿಯ ಗಂಡನ ಕುತ್ತಿಗೆಯಲ್ಲಿ ಹಗ್ಗ ಇತ್ತು, ಬಾಯಿಗೆ ಬಂದ ಕಟ್ಟೆಯ ಹೆಸರು ಹೇಳಿದೆ, ನಿಮ್ಮ ಕೈ ಹೋದದ್ದು ನನ್ನಿಂದ ಎಂದ. ಪ್ರಶ್ನೆಯಿಲ್ಲದೆ, ಸುತ್ತುಬಳಸಿಲ್ಲದೆ, ಒಂದರ ಹಿಂದೊಂದು, ಆದದ್ದನ್ನು ಆದ ಹಾಗೆ ಹೇಳಿದ. ಬದುಕಿನಲ್ಲಿ ಅವನು ಅಷ್ಟು ಸಪ್ಪೆಯಾಗಿ ಮಾತಾಡಿದ್ದೇ ಇಲ್ಲ.

ಬ್ಲೇಸ್ ಕೇಳುತ್ತ ಕೇಳುತ್ತ ಕಣ್ಣು ಸಣ್ಣ ಮಾಡಿದ. ಮೊದಲು ಅವನ ಮುಖದಲ್ಲಿ ಗೊಂದಲವಿತ್ತು. ಆಮೇಲೆ ಅದು ಮೆಲ್ಲಗೆ ತಿಳಿಯಾಗಿ ಅಲ್ಲಿ ಬುದ್ಧಿವಂತಿಕೆಯ ನಗುವೊಂದು ಮೂಡಿತು.

"ಯಾರು ಕಳ್ಸಿದ್ರು ನಿನ್ನ?" ಎಂದ.

"ಯಾರೂ ಕಳಿಸಿಲ್ಲಪ್ಪ."

"ಬಂಡಿನೇ ಇರಲಿಲ್ಲ ಅನ್ನು ಅಂತ ಎಷ್ಟು ತಿನ್ನಿಸಿದಾರೆ? ಇಲ್ಲೀಗಂಟ ಹುಡುಕ್ಕೊಂಡ್ ಬಂದಿದೀಯ ಅಂದ್ರೆ ಕಮ್ಮಿ ಕೊಟ್ಟಿರಲ್ಲ." ಬ್ಲೇಸ್ ಉಳಿದ ಕೈಯಿಂದ ಕರಪತ್ರವನ್ನು ಎತ್ತಿ ತೊಡೆಯ ಮೇಲೆ ಜೋಪಾನವಾಗಿ ಇಟ್ಟುಕೊಂಡ. "ಇದ್ರಲ್ಲಿ ಬರ್ದಿದೆ, ಸತ್ಯ ಮುಚ್ಚಕ್ಕೆ ಜನ ಬರ್ತಾರೆ ಅಂತ. ಮಾತುರನ್ ಅಜ್ಜ ಮೊದ್ಲೇ ಹೇಳಿದ್ದ."

ಹೌದು, ಅದು ಅದರಲ್ಲಿತ್ತು. ಎಲ್ಲ ಕರಪತ್ರದಲ್ಲೂ ಕೊನೆಯ ಪುಟದಲ್ಲಿ ಇರುತ್ತಿತ್ತು. ಎಷ್ಟೋ ಸಲ ಆನ್ಸೆಲ್ಮನೇ ಜೋಡಿಸಿದ್ದ. ಇನ್ನೊಮ್ಮೆ ಬಿಡಿಸಿ ಹೇಳಲು ಹೊರಟವನ ಎದುರಿಗೆ ಬ್ಲೇಸನ ಅಕ್ಕ ಕಸಬರಿಗೆ ಹಿಡಿದು ಒಳಗಿನಿಂದ ಬಂದಳು. ಅವನು ತಂದಿದ್ದ ರೊಟ್ಟಿಯ ಗಂಟನ್ನು ರಸ್ತೆಗೆ ಎಸೆದಳು.

ಮುಂದಿನ ವರ್ಷಗಳಲ್ಲಿ ಲವಾಸ್ ಬಹಳ ಮೇಲಕ್ಕೆ ಹೋದ. ತನ್ನ ಕೇರಿಯ ಸಮಿತಿಯಲ್ಲಿ ಭಾಷಣಕಾರನಾದ, ಕೂದಲಿನ ಪುಡಿ ಬಿಟ್ಟ, ರೇಷ್ಮೆಯ ಕಾಲುಚೀಲ ಬಿಟ್ಟು ಕೂಲಿಯವರ ಉದ್ದ ಚಲ್ಲಣ ತೊಟ್ಟ. ಯಾರನ್ನು ತಂದೆಯೆಂದು ಬರೆದಿದ್ದನೋ ಅವರನ್ನು ಹಾವೆಂದು ಬರೆದ, ಹಾವುಗಳೆಲ್ಲ ಗಿಲೊಟಿನ್ನಿನ ಕತ್ತಿಗೆ ಹೋದ ಮೇಲೆ ಕಳಿಸಿದವರನ್ನೂ ಹಾವೆಂದ. ಒಂದು ಸಲವೂ ಅವನ ಕೂದಲು ಕೊಂಕಲಿಲ್ಲ. ಕ್ರಾಂತಿ ಮುಗಿದು ಚಕ್ರವರ್ತಿ ಬಂದ ಕಾಲದಲ್ಲಿ ಯಾವುದೋ ಇಲಾಖೆಯಲ್ಲಿ ಗುಮಾಸ್ತರ ಮೇಲಿನ ಅಧಿಕಾರಿಯಾಗಿ, ದೊಡ್ಡ ಹೊಟ್ಟೆ ಬೆಳೆಸಿಕೊಂಡು, ಮತ್ತೆ ದೊಡ್ಡವರ ಹೆಂಡತಿಯರ ಹುಟ್ಟುಹಬ್ಬಕ್ಕೆ ಪದ್ಯ ಬರೆಯುತ್ತಿದ್ದ. ಮಾತುರನ್ ಮುದುಕ ಯಾವಾಗ ಸತ್ತನೆಂದು ಯಾರೂ ಕೇಳಲಿಲ್ಲ. ನೀರಿನ ಗೆರೋ ಮಾತ್ರ ಮೋಬೇರ್ ಚೌಕದ ಕುಂಟನ ಅಂತ್ಯಸಂಸ್ಕಾರಕ್ಕೆ ತಾನು ಹೋಗಿದ್ದೆನೆಂದು ಹೇಳಿಕೊಳ್ಳುತ್ತಿದ್ದ.

ಪೊಮರೆ ಆ ಓಣಿಯನ್ನು ಬಿಟ್ಟು ಊರಾಚೆ ಅರ್ಕೇಯ್ ಹಳ್ಳಿಯಲ್ಲಿ ಒಲೆ ಹಾಕಿದ. ಆನ್ಸೆಲ್ಮನೊಡನೆ ಅವನು ಮತ್ತೆ ಮಾತಾಡಲು ಎರಡು ವರ್ಷ ಹಿಡಿಯಿತು. ಆನ್ಸೆಲ್ಮ್ ಪಂಚಾಂಗಗಳನ್ನೂ ಶೋಕಪತ್ರಗಳನ್ನೂ ಜೋಡಿಸುತ್ತ ಕಣ್ಣು ಮಂಜಾಗುವವರೆಗೆ ದುಡಿದ. ಯಾರ ವಾಕ್ಯವನ್ನೂ ತಿದ್ದಲಿಲ್ಲ.

ಭಾನುವಾರ ತಂಗಿಯ ಮನೆಗೆ ಹೋಗಲು ಅವನು ಆನ್‌ಫೇರ್ ಕಟ್ಟೆಯನ್ನು ದಾಟಬೇಕಾಗಿತ್ತು. ಒಂಟಿಗೈಯ ಬ್ಲೇಸನಿಗೆ ಅಲ್ಲೇ ಕಾವಲುಗಾರನ ಕೆಲಸ ಸಿಕ್ಕಿತ್ತು. ಅವನು ಬಂದುಹೋಗುವವರಿಗೆ ಹಿಟ್ಟಿನ ಬಂಡಿಗಳ ಕಥೆ ಹೇಳುತ್ತಿದ್ದ. ಬಂಡಿಗಳು ವರ್ಷ ವರ್ಷ ಹೆಚ್ಚಿ ಆರಾದವು, ರಾಣಿಯ ಮುದ್ರೆ ಬಂತು, ಗೊರಸಿಗೆ ಸುತ್ತಿದ್ದ ಬಟ್ಟೆ ಕೆಂಪು ಮಖಮಲ್ಲಾಯಿತು. ಕಥೆಯಲ್ಲಿ ಆನ್ಸೆಲ್ಮನೂ ಇದ್ದ. ಅವನು ಬುಟ್ಟಿ ಹಿಡಿದುಕೊಂಡು ಬರುವುದು ಕಂಡರೆ ಬ್ಲೇಸ್ ಮಾತು ನಿಲ್ಲಿಸಿ, ಗಲ್ಲದಿಂದ ತೋರಿಸಿ, "ಅಗೋ, ಬಂದ. ಬಂಡಿನೇ ಇರಲಿಲ್ಲ ಅಂತ ಹೇಳಕ್ಕೆ ದುಡ್ಡು ತಿಂದೋನು," ಎನ್ನುತ್ತಿದ್ದ. ಕೇಳುತ್ತ ನಿಂತವರು ತಿರುಗಿ ನೋಡುತ್ತಿದ್ದರು. ಕೆಲವರು ಉಗುಳುತ್ತಿದ್ದರು.

ಆನ್ಸೆಲ್ಮ್ ನಿಂತು ಟೋಪಿ ಮುಟ್ಟಿ, ಎಂದಿನಂತೆ ಬುಟ್ಟಿಯ ಮೇಲಿನ ಬಟ್ಟೆ ಸರಿಸಿ, ಒಳಗೇನೂ ಇಲ್ಲವೆಂದು ಕಾವಲುಗಾರನಿಗೆ ತೋರಿಸಿ ಮುಂದೆ ನಡೆಯುತ್ತಿದ್ದ.